ಓದುಗರ ಪ್ರಶ್ನೆ: ಪರಿಹಾರದ ಹಣ ಮತ್ತು ಕ್ರೀ ಜನರ ಬೇಟೆಯ ಬದುಕು

ಪ್ರಶ್ನೆ: ನನ್ನ ಮಗಳು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಳೆ. ಅಲ್ಲಿಯ ವಿದ್ಯುತ್ತಿನ ದೊಡ್ಡ ಪಾಲು ಉತ್ತರದ ಜೇಮ್ಸ್ ಕೊಲ್ಲಿಯ ಕಡೆಯ ಅಣೆಕಟ್ಟುಗಳಿಂದ ಬರುತ್ತದೆಂದೂ, ಆ ನೆಲದ ಕ್ರೀ ಬುಡಕಟ್ಟಿನವರು ಮೊದಲು ಯೋಜನೆಯನ್ನು ವಿರೋಧಿಸಿ ಆಮೇಲೆ ಪರಿಹಾರ ಪಡೆದು ಸಹಿ ಹಾಕಿದರೆಂದೂ ಅವಳು ಹೇಳಿದಳು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ನಮ್ಮ ಮನೆತನದ ತೋಟವೂ ಮುಳುಗಿದ್ದರಿಂದ ಕೇಳುತ್ತಿದ್ದೇನೆ: ಹಣ ಮತ್ತು ನೌಕರಿ ಬಂದ ಮೇಲೆ ಅವರು ಬೇಟೆಗಾರರಾಗಿ, ಕ್ರೀ ಜನರಾಗಿ ಉಳಿದಿದ್ದಾರೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಕ್ರೀ ಜನರು ಕೆನಡಾದಲ್ಲಿ ಬಹಳ ದೂರದವರೆಗೆ ಹರಡಿಕೊಂಡಿದ್ದಾರೆ. ನೀವು ಕೇಳಿರುವುದು ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದವರ ವಿಷಯ. ತಮ್ಮ ನೆಲವನ್ನು ಅವರು ‘ಈಯೂ ಇಸ್ಚೀ’, ಎಂದರೆ ಜನರ ನಾಡು, ಎಂದು ಕರೆಯುತ್ತಾರೆ.

ಬೇಟೆಯ ಬದುಕಿಗೂ ದುಡ್ಡಿನ ಬದುಕಿಗೂ ಹೊಂದಿಕೆಯಾಗದು ಎಂಬ ಊಹೆ ನಿಮ್ಮ ಪ್ರಶ್ನೆಯೊಳಗಿದೆ. ಇವರ ಚರಿತ್ರೆ ಅದನ್ನು ಒಪ್ಪುವುದಿಲ್ಲ. 1668ರಲ್ಲಿ ಜೇಮ್ಸ್ ಕೊಲ್ಲಿಯನ್ನು ಸೇರುವ ರೂಪರ್ಟ್ ನದಿಯ ಮುಖಕ್ಕೆ ಇಂಗ್ಲಿಷರ ಹಡಗು ಬಂದಂದಿನಿಂದ ಕ್ರೀ ಬೇಟೆಗಾರರು ಬೀವರ್ ಪ್ರಾಣಿಯ ತುಪ್ಪಳ ಕೊಟ್ಟು ಬಂದೂಕು, ಪಾತ್ರೆ, ಹಿಟ್ಟು ಪಡೆಯುತ್ತ ಬಂದವರು. ಹೊರಗಿನವರ ಮಿತಿಮೀರಿದ ಬೇಟೆಯೂ ಸೇರಿ ಬೀವರ್ ಸಂತತಿ ಕುಸಿದಾಗ, 1930ರ ದಶಕದಲ್ಲಿ ಸಂರಕ್ಷಿತ ಪ್ರದೇಶಗಳನ್ನು ಗುರುತಿಸಿ, ಬೀವರ್ ಗೂಡುಗಳನ್ನು ಎಣಿಸುವ ಕೆಲಸವನ್ನು ಆಯಾ ಕುಟುಂಬದ ಬೇಟೆಯ ನೆಲೆಯ ಹಿರಿಯನಿಗೇ ವಹಿಸಲಾಯಿತು. ಅವನಿಗೆ ‘ಟ್ಯಾಲಿಮನ್’, ಲೆಕ್ಕದವನು, ಎಂಬ ಹೆಸರು ಬಂತು. ಊರಿನವರಿಗೆ ಅವನು ಮೊದಲೇ ‘ಊಚಿಮಾವ್’ ಆಗಿದ್ದ. ಯಾರು ಎಲ್ಲಿ ಎಷ್ಟು ಹಿಡಿಯಬೇಕು, ಯಾವ ವರ್ಷ ನೆಲಕ್ಕೆ ವಿಶ್ರಾಂತಿ ಕೊಡಬೇಕು ಎಂಬುದನ್ನು ನಿರ್ಧರಿಸುವ ಯಜಮಾನ. ಈತನನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ.

1971ರಲ್ಲಿ ಪ್ರಾಂತ್ಯದ ಮುಖ್ಯಸ್ಥ ರೋಬೇರ್ ಬುರಾಸಾ ಜಲವಿದ್ಯುತ್ ಯೋಜನೆಯನ್ನು ಘೋಷಿಸಿದಾಗ ಅಲ್ಲಿಯ ನಿವಾಸಿಗಳನ್ನು ಯಾರೂ ಕೇಳಿರಲಿಲ್ಲ. ಬೇಟೆಗಾರರು ಮಾಂಟ್ರಿಯಲ್‌ನ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. 1973ರ ನವೆಂಬರ್‌ನಲ್ಲಿ ನ್ಯಾಯಾಧೀಶ ಆಲ್ಬೇರ್ ಮಾಲೂಫ್ ಕಾಮಗಾರಿಗೆ ತಡೆಯಾಜ್ಞೆ ಕೊಟ್ಟರು. ಒಂದು ವಾರದಲ್ಲಿ ಮೇಲಿನ ನ್ಯಾಯಾಲಯ ಅದನ್ನು ತೆರವುಗೊಳಿಸಿತು. ಕಟ್ಟೆ ಏಳುತ್ತಲೇ ಇರುವಾಗ ಕೂತು ಮಾಡಿದ ಮಾತುಕತೆಯ ಫಲವೇ 1975ರ ಒಪ್ಪಂದ. ಕ್ರೀ ಜನರಿಗೆ ಮತ್ತು ಅವರ ಉತ್ತರಕ್ಕಿರುವ ಇನ್ಯುಯಿಟ್ ಜನರಿಗೆ ಒಟ್ಟು 22.5 ಕೋಟಿ ಡಾಲರ್ ಪರಿಹಾರ ಗೊತ್ತಾಯಿತು. ಇದನ್ನು ‘ಸಹಿ ಹಾಕಿ ಹಣ ತೆಗೆದುಕೊಂಡರು’ ಎಂದು ಒಂದು ಮಾತಿನಲ್ಲಿ ಮುಗಿಸುವುದು ನ್ಯಾಯವಲ್ಲ.

ಪರಿಹಾರದ ಮೊತ್ತಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಅದೇ ಒಪ್ಪಂದದಲ್ಲಿ ಅವರು ಹಟ ಹಿಡಿದು ಸೇರಿಸಿದ ಬೇಟೆಗಾರರ ಆದಾಯ ಭದ್ರತಾ ವ್ಯವಸ್ಥೆ. ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಬೇಟೆ, ಮೀನುಗಾರಿಕೆ ಮತ್ತು ಅವಕ್ಕೆ ಸಂಬಂಧಿಸಿದ ಕೆಲಸಗಳಲ್ಲಿ ತೊಡಗಿದ ಕುಟುಂಬಕ್ಕೆ, ಗಂಡ ಹೆಂಡತಿ ಇಬ್ಬರೂ ಕಾಡಿನಲ್ಲಿ ಕಳೆದ ದಿನಗಳ ಲೆಕ್ಕದಲ್ಲಿ, ಸರ್ಕಾರ ಹಣ ಕೊಡಬೇಕು. ತುಪ್ಪಳದ ಬೆಲೆ ಬಿದ್ದರೂ ಹಿಮವಾಹನಕ್ಕೆ ಇಂಧನ, ಬಂದೂಕಿಗೆ ಗುಂಡು ಕೊಳ್ಳಬಹುದು. 1976ರಲ್ಲಿ ಇದು ಜಾರಿಗೆ ಬಂದ ಮೇಲೆ ಕಾಡಿಗೆ ಹೋಗುವವರ ಸಂಖ್ಯೆ ಏರಿತು. ಹಣವು ಬೇಟೆಯನ್ನು ಬಿಡಿಸುವ ಬದಲು ಹಿಡಿದು ನಿಲ್ಲಿಸಿತು.

ಹಾಗೆಂದು ಎಲ್ಲವೂ ಸುಸೂತ್ರವಾಗಿದೆ ಎನ್ನಲಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ಪೆಟ್ಟು ಬಿದ್ದಿರುವುದು ಸಮಯದ ಮೇಲೆ. ಜೇಮ್ಸ್ ಕೊಲ್ಲಿಯ ಕರಾವಳಿಯಲ್ಲಿ ವಸಂತಕಾಲದ ಹೆಬ್ಬಾತುಗಳ ಬೇಟೆಗೂ ಒಬ್ಬ ಯಜಮಾನನಿರುತ್ತಾನೆ. ಗಾಳಿಯಿಲ್ಲದ ದಿನ ಬಂದೂಕಿನ ಸದ್ದು ದೂರ ಹೋಗಿ ಹಕ್ಕಿಗಳು ಬೆದರುತ್ತವೆ, ಕತ್ತಲಾದ ಮೇಲೆ ಹೊಡೆದರೆ ತಂಗಿದ ಹಿಂಡು ಆ ಜಾಗವನ್ನೇ ಬಿಡುತ್ತದೆ; ಆದ್ದರಿಂದ ಇಂದು ಎಲ್ಲಿ ಹೊಡೆಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅವನು ಗಾಳಿ ನೋಡಿ ಹೇಳುತ್ತಾನೆ. ಪ್ರಾಣಿಯು ಮನಸ್ಸು ಮಾಡಿ ತನ್ನನ್ನು ಕೊಟ್ಟುಕೊಂಡರೆ ಮಾತ್ರ ಬೇಟೆ ದಕ್ಕುತ್ತದೆ, ಅದಕ್ಕೆ ಮರ್ಯಾದೆ ತಪ್ಪಿದರೆ ಮುಂದೆ ಬಾರದು ಎಂಬ ನಂಬಿಕೆ ಈ ಶಿಸ್ತಿನ ಹಿಂದಿದೆ. ಕಚೇರಿಯ ನೌಕರನಿಗಾದರೋ ಬಿಡುವಿರುವುದು ಶನಿವಾರ, ಭಾನುವಾರ. ಗಾಳಿ ಇರಲಿ ಬಿಡಲಿ, ಅವನು ಆ ಎರಡು ದಿನಗಳಲ್ಲೇ ಹೋಗಬೇಕು. ಯಜಮಾನನ ಮಾತನ್ನು ಅವನು ಧಿಕ್ಕರಿಸುತ್ತಾನೆಂದಲ್ಲ, ಕಾಯಲು ಅವನಿಗೆ ದಿನಗಳಿಲ್ಲ. ಪರಿಹಾರಧನದ ಯಾವ ಲೆಕ್ಕದಲ್ಲಿಯೂ ಈ ನಷ್ಟ ಸೇರುವುದಿಲ್ಲ.

ನೀರಿನ ನಷ್ಟವಂತೂ ಕಣ್ಣಿಗೇ ಕಾಣುವಂಥದು. ಮುಳುಗಿದ ಕಾಡು ಕೊಳೆತಾಗ ಅಲ್ಲಿಯ ಪಾದರಸವು ವಿಷರೂಪಕ್ಕೆ ತಿರುಗಿ ಮೀನುಗಳಲ್ಲಿ ಸೇರಿತು. ಹಿರಿಯರು ಆರೋಗ್ಯಕ್ಕೆಂದು ತಿನ್ನುತ್ತಿದ್ದ ಮೀನನ್ನೇ ಕಡಿಮೆ ಮಾಡಿರೆಂದು ವೈದ್ಯರು ಹೇಳಬೇಕಾಯಿತು.

2002ರಲ್ಲಿ ಕ್ರೀ ಜನರ ಮುಖ್ಯಸ್ಥ ಟೆಡ್ ಮೋಸೆಸ್ ಅವರು ಪ್ರಾಂತ್ಯದೊಂದಿಗೆ ಐವತ್ತು ವರ್ಷಗಳ ಇನ್ನೊಂದು ಒಪ್ಪಂದ ಮಾಡಿಕೊಂಡರು. ಮೊದಲೆರಡು ವರ್ಷಗಳ ನಂತರ ವರ್ಷಕ್ಕೆ ಕನಿಷ್ಠ 7 ಕೋಟಿ ಡಾಲರ್ ಬರುತ್ತದೆ. ಅದಕ್ಕೆ ಪ್ರತಿಯಾಗಿ ರೂಪರ್ಟ್ ನದಿಯ ತಿರುವಿಗೆ, ಎಂದರೆ ಅದರ ನೀರನ್ನು ಜಲವಿದ್ಯುತ್ತಿಗಾಗಿ ಬೇರೆಡೆ ಹರಿಸುವುದಕ್ಕೆ, ಒಪ್ಪಿಗೆ. ಅದೇ ನದಿಯ ಪ್ರದೇಶದ ವಾಸ್ಕಗನಿಶ್ ಮತ್ತು ನೆಮಾಸ್ಕಾ ಊರುಗಳು ಮುಂದೆ ತಿರುವನ್ನು ವಿರೋಧಿಸಿದವು. ತಿರುವು ಆಗಿಯೇ ಹೋಯಿತು. ಆದರೆ ಮರ ಕಡಿಯುವುದನ್ನು ಕುಟುಂಬದ ಬೇಟೆಯ ನೆಲೆಯನ್ನೇ ಘಟಕವಾಗಿಟ್ಟು ಯೋಜಿಸಬೇಕು, ಆ ನೆಲೆಯ ಟ್ಯಾಲಿಮನ್‌ನನ್ನು ಕೇಳಬೇಕು ಎಂಬ ನಿಯಮವೂ ಆ ಒಪ್ಪಂದದಲ್ಲಿಯೇ ಬಂತು. ಹಿಂದೆ ಬೀವರ್ ಎಣಿಸಲು ನೇಮಕವಾದವನ ಬಳಿಗೆ ಈಗ ಮರದ ಕಂಪನಿ ನಕ್ಷೆ ಹಿಡಿದುಕೊಂಡು ಬರಬೇಕು. ಅವನ ಮಾತು ಪ್ರತಿಸಲ ನಡೆಯುತ್ತದೆಂದು ಭಾವಿಸಬೇಡಿ.

ಗಣಿಗಳ ವಿಷಯದಲ್ಲಿ ಅವರು ಎಲ್ಲಕ್ಕೂ ಒಪ್ಪಿದವರಲ್ಲ, ಎಲ್ಲವನ್ನೂ ತಳ್ಳಿದವರೂ ಅಲ್ಲ. ವೆಮಿಂಜಿ ಊರಿನವರು 2011ರಲ್ಲಿ ಚಿನ್ನದ ಗಣಿಗೆ ಷರತ್ತಿನ ಮೇಲೆ ಕೈಜೋಡಿಸಿದರು. ಮರುವರ್ಷ ಇಡೀ ಕ್ರೀ ನಾಡು ಯುರೇನಿಯಂ ಗಣಿಗಾರಿಕೆ ಬೇಡವೆಂದಿತು. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ‘ಉಳಿದಿದ್ದಾರೆ’ ಎಂಬುದೇ. ಆದರೆ ಹೇಗೆ ಉಳಿಯಬೇಕೆಂಬುದರ ಬಗ್ಗೆ ಅವರಲ್ಲೇ ಒಮ್ಮತವಿಲ್ಲ.

ಪ್ರಶ್ನೆ: ಕ್ರೀ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಶಿಕ್ಷಣ ದೊರೆಯುತ್ತದೆಯೇ?
– ಶಿಕ್ಷಕಿಯೊಬ್ಬರು, ಹಾಸನ

ಉತ್ತರ: ಈಯೂ ಇಸ್ಚೀಯಲ್ಲಿ ದೊರೆಯುತ್ತದೆ. 1975ರ ಒಪ್ಪಂದದ ಫಲವಾಗಿ ಅವರದೇ ಶಿಕ್ಷಣ ಮಂಡಳಿ ಸ್ಥಾಪನೆಯಾಯಿತು. ಆರಂಭದ ತರಗತಿಗಳಲ್ಲಿ ಕ್ರೀ ಭಾಷೆಯಲ್ಲಿ ಕಲಿಸಿ ಆಮೇಲೆ ಇಂಗ್ಲಿಷ್ ಅಥವಾ ಫ್ರೆಂಚ್‌ಗೆ ಹೋಗುತ್ತಾರೆ. ಅವರ ಲಿಪಿಯಲ್ಲಿ ಅಕ್ಷರದ ಮುಖವನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಸ್ವರ ಬದಲಾಗುತ್ತದೆ. ಕಾಗುಣಿತ ಕಲಿಸುವ ನಿಮಗೆ ಇದು ಹಿಡಿಸೀತು. ಹಿಮ, ಬೇಟೆ, ದಾರಿಗಳ ಮಾತುಗಳೆಲ್ಲ ಕೊಠಡಿಯೊಳಗೆ ಬರುವಂಥವಲ್ಲ. ವಸಂತದಲ್ಲಿ ಹೆಬ್ಬಾತುಗಳು ಬರುವ ಹೊತ್ತಿಗೆ ಅಲ್ಲಿಯ ಶಾಲೆಗಳು ರಜೆ ಕೊಟ್ಟು ಬಾಗಿಲು ಮುಚ್ಚುತ್ತವೆ. ಮಕ್ಕಳು ಅಜ್ಜ ಅಜ್ಜಿಯರೊಂದಿಗೆ ಬಿಡಾರಗಳಿಗೆ ಹೊರಡುತ್ತಾರೆ.