ಓದುಗರ ಪ್ರಶ್ನೆ: ಅಡಿ ನೋಡಿ, ಆಮೇಲೆ ಸವಾಲು ಕೂಗಿ

ಪ್ರಶ್ನೆ: ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಅಲ್ಲಿ ಒಬ್ಬ ಹಿರಿಯ ಕೃಷಿಕರು ತೀರಿಕೊಂಡು, ಅವರ ಮನೆ ಸಾಮಾನೆಲ್ಲ ಏಲಂಗೆ ಬಂದಿದೆಯಂತೆ. ಹೂ ಬರೆದ ಮರದ ಪೆಟ್ಟಿಗೆ ಮತ್ತು ‘ವಿಂಡ್ಸರ್’ ಕುರ್ಚಿಯ ಮೇಲೆ ಅವನ ಕಣ್ಣು. ಪಟ್ಟಿಯಲ್ಲಿ ‘1800ರ ಆಸುಪಾಸು’ ಎಂದಿದೆ. ಹೌದೋ ಅಲ್ಲವೋ ತಿಳಿಯುವುದು ಹೇಗೆ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಪಟ್ಟಿಯಲ್ಲಿರುವುದು ಏಲಂದಾರನ ಅಭಿಪ್ರಾಯ, ಖಾತ್ರಿಯಲ್ಲ. ಅಲ್ಲಿ ಇಂಥ ಏಲಂ ಸಾಮಾನ್ಯವಾಗಿ ‘ಇದ್ದಲ್ಲಿ, ಇದ್ದ ಹಾಗೆ’ ಎಂಬ ಷರತ್ತಿನ ಮೇಲೆ ನಡೆಯುತ್ತದೆ. ಸುತ್ತಿಗೆ ಬಿದ್ದ ಮೇಲೆ ಬಿರುಕು ಕಂಡರೆ ಅದು ಕೊಂಡವನ ಪಾಲು. ಏಲಂಗೆ ಮುಂಚೆ ಸಾಮಾನು ನೋಡಲು ಸಮಯ ಕೊಟ್ಟಿರುತ್ತಾರೆ. ಮಗ ಆಗ ಟಾರ್ಚು, ಅಳತೆ ಟೇಪು ಹಿಡಿದು ಹೋಗಲಿ. ಎದುರಿನ ಚಂದವನ್ನು ಎಲ್ಲರೂ ನೋಡುತ್ತಾರೆ. ಅವನು ಅಡಿ, ಹಿಂಬದಿ, ಒಳಮೈ ನೋಡಬೇಕು.

ಪೆಟ್ಟಿಗೆಯಲ್ಲಿ ಮೊದಲು ಮೊಳೆ. ಕಮ್ಮಾರ ಬಡಿದು ಮಾಡಿದ, ತಲೆಯಲ್ಲಿ ಸುತ್ತಿಗೆ ಏಟಿನ ಮುಖಗಳಿರುವ ಮೊಳೆ ಸುಮಾರು 1800ರವರೆಗಿನದು. ತಗಡಿನ ಪಟ್ಟಿಯಿಂದ ಯಂತ್ರದಲ್ಲಿ ಕತ್ತರಿಸಿದ ಚೌಕ ಮೊಳೆ 1790ರ ದಶಕದಲ್ಲಿ ಶುರುವಾಗಿ 1890ರ ತನಕ ನಡೆಯಿತು. ಈಗ ಅಂಗಡಿಯಲ್ಲಿ ಸಿಗುವಂಥ ದುಂಡು ತಂತಿಮೊಳೆ ರೂಢಿಗೆ ಬಂದದ್ದು ಅದರ ನಂತರ. ಮೊನೆ ಚೂಪಾದ ಸ್ಕ್ರೂ ಕೂಡ 1840ರ ದಶಕಕ್ಕಿಂತ ಹಿಂದಿನದಲ್ಲ. ಆದರೆ ಒಂದು ಹೊಸ ಮೊಳೆ ಕಂಡ ಮಾತ್ರಕ್ಕೆ ಪೆಟ್ಟಿಗೆಯೇ ಹೊಸದು ಎನ್ನಲಾಗದು, ನಡುವೆ ಯಾರೋ ರಿಪೇರಿ ಮಾಡಿರಬಹುದು. ಹಳೆ ಮೊಳೆ ಇದ್ದರೂ ಸಾಕಾಗದು, ಹಳೆ ಹಲಗೆಯಿಂದ ಕಿತ್ತು ಹೊಡೆಯುವವರೂ ಇದ್ದಾರೆ. ಮೊಳೆಯ ಸುತ್ತ ಮರ ಕಪ್ಪಾಗಿದೆಯೇ, ಪಕ್ಕದಲ್ಲಿ ಖಾಲಿ ತೂತು ಇದೆಯೇ ನೋಡಬೇಕು.

ಆಮೇಲೆ ಗರಗಸದ ಗೆರೆ. ಹಲಗೆಯ ಒಳಮೈಯಲ್ಲಿ ಬಿಲ್ಲಿನಂತೆ ಬಾಗಿದ ಗೆರೆಗಳಿದ್ದರೆ ಅದು ಚಕ್ರಗರಗಸದ್ದು, ಸುಮಾರು 1830ರಿಂದ ಈಚೆಯದು. ನೇರ ಗೆರೆಯೋ ಕೈಹತ್ತರಿಯ ಅಲೆಯೋ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಅಲ್ಲಿ ನೆಲೆಸಿದ ಜರ್ಮನ್ ಮೂಲದವರ ಈ ಪೆಟ್ಟಿಗೆಗಳು ಹೆಚ್ಚಾಗಿ ಪೈನ್ ಅಥವಾ ಪಾಪ್ಲರ್ ಮರದವು. ಮುಂಬದಿಗೆ ಟುಲಿಪ್ ಹೂವು, ಹಕ್ಕಿ, ಕೆಲವಕ್ಕೆ ಹುಡುಗಿಯ ಹೆಸರು, ಇಸವಿ. ಹೆಸರೂ ಇಸವಿಯೂ ಇದ್ದರೆ ಬೆಲೆ ಏರುವುದರಿಂದ, ಖಾಲಿ ಪೆಟ್ಟಿಗೆಗೆ ಆಮೇಲೆ ಬರೆಯುವುದೂ ಉಂಟು. ಹಳೆ ಬಣ್ಣ ಕೈ ತಾಗುವಲ್ಲಿ, ಮುಚ್ಚಳದ ಅಂಚಿನಲ್ಲಿ, ಕಾಲಿನಲ್ಲಿ ಸವೆದಿರುತ್ತದೆ. ಯಾರೂ ಮುಟ್ಟದ ಮೂಲೆಯಲ್ಲೂ ಅಷ್ಟೇ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ.

ವಿಂಡ್ಸರ್ ಕುರ್ಚಿಯ ಗುಟ್ಟು ಅದರ ಹಲಗೆ. ದಪ್ಪ ಹಲಗೆಯೊಂದನ್ನು ಕೂರುವ ಹಾಗೆ ಕೆತ್ತಿ, ಕಾಲುಗಳನ್ನು ಕೆಳಗಿನಿಂದ, ಬೆನ್ನಿನ ಕಡ್ಡಿಗಳನ್ನು ಮೇಲಿನಿಂದ ಅದಕ್ಕೇ ತೂರಿಸಿರುತ್ತಾರೆ. ಹಲಗೆ ಪೈನ್ ಅಥವಾ ಪಾಪ್ಲರ್, ಕಾಲು ಮೇಪಲ್, ಕಡ್ಡಿ ಬಾಗಿದರೂ ಮುರಿಯದ ಹಿಕರಿ. ಮೂರು ಜಾತಿ ಮರದ ಬಣ್ಣ ಒಂದಕ್ಕೊಂದು ಹೊಂದದ ಕಾರಣ ಬಣ್ಣ ಬಳಿಯುತ್ತಿದ್ದರು, ಹೆಚ್ಚಾಗಿ ಹಸಿರು. ಹಾಗಾಗಿ ಮರ ಕಾಣುವಂತೆ ವಾರ್ನಿಶ್ ಹೊಡೆದು ಹೊಳೆಯುವ ವಿಂಡ್ಸರ್ ಕುರ್ಚಿ ಎಂದರೆ ಯಾರೋ ಮೂಲ ಬಣ್ಣ ಕಿತ್ತಿದ್ದಾರೆ ಎಂದರ್ಥ. ಬೆಲೆಯೂ ಅದರೊಂದಿಗೆ ಹೋಯಿತು. ನೆಲದಿಂದ ಹಲಗೆಗೆ 17–18 ಇಂಚು ಇರಬೇಕು. 15 ಇದ್ದರೆ ಕಾಲು ಗೆದ್ದಲೋ ತೇವವೋ ತಿಂದು ಕತ್ತರಿಸಿದ್ದಾರೆ.

ಒಂದರ ಮೇಲ್ಭಾಗಕ್ಕೆ ಇನ್ನೊಂದರ ಕೆಳಭಾಗ ಜೋಡಿಸಿದ ಸಾಮಾನಿಗೆ ಅಲ್ಲಿನ ವ್ಯಾಪಾರಿಗಳು ‘ಮದುವೆ’ ಎನ್ನುತ್ತಾರೆ. ನಮ್ಮಲ್ಲೂ ಒಂದು ಮನೆಯ ದಾರಂದಕ್ಕೆ ಇನ್ನೊಂದು ಮನೆಯ ಬಾಗಿಲು ಕೂಡಿಸಿ ‘ತರವಾಡು (ಹಿರಿಯರಿಂದ ಬಂದ ಕುಟುಂಬದ ಮನೆ) ಬಾಗಿಲು’ ಎಂದು ಮಾರುತ್ತಾರಲ್ಲ, ಅದೇ ಸಂಬಂಧ.

ಇನ್ನು ಲೆಕ್ಕ. ಕೂಗಿದ ಬೆಲೆಯೇ ಕೊಡುವ ಬೆಲೆಯಲ್ಲ. ‘ಬಯರ್ಸ್ ಪ್ರೀಮಿಯಮ್’ ಎಂದು ಕೊಂಡವನಿಂದ ಕಮಿಷನ್ ಹಿಡಿಯುತ್ತಾರೆ, ಅದರ ಮೇಲೆ ಮಾರಾಟ ತೆರಿಗೆ. 400 ಡಾಲರಿಗೆ ನಿಂತರೆ, ಶೇ. 20 ಪ್ರೀಮಿಯಮ್ ಸೇರಿ 480, ಪೆನ್ಸಿಲ್ವೇನಿಯಾದ ಶೇ. 6 ತೆರಿಗೆ ಸೇರಿ 508 ಡಾಲರ್ 80 ಸೆಂಟ್. ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಈ ಕೊನೆಯ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಳ್ಳಲಿ. ಫೋಟೊ ನೋಡಿ ಆನ್‌ಲೈನಿನಲ್ಲಿ ಕೂಗುವುದಾದರೆ ಅಡಿ, ಹಿಂಬದಿಯ ಫೋಟೊ ಕೇಳಿ ತರಿಸಲಿ. ಕಳಿಸದಿದ್ದರೆ ಕೂಗುವುದು ಬೇಡ.

ಪ್ರಶ್ನೆ: ಅದೇ ಥರದ ಏಲಂನಿಂದ ಮಗಳು ಎರಡು ಭರಣಿ ತಂದಿದ್ದಾಳೆ. ಒಂದು ಬೂದುಬಣ್ಣದ್ದು, ನೀಲಿ ಹೂವಿದೆ. ಇನ್ನೊಂದು ಕೆಂಪು ಮಣ್ಣಿನದ್ದು, ಹೊಳಪಿದೆ. ಮಾವಿನ ಮಿಡಿ ಹಾಕಬಹುದೇ?
– ಗೃಹಿಣಿ, ಪೆರ್ಲ

ಉತ್ತರ: ಕೆಂಪಿನದರಲ್ಲಿ ಖಂಡಿತ ಬೇಡ. ಅಲ್ಲಿನ ಹಳೆ ಕೆಂಪು ಮಣ್ಣಿನ ಪಾತ್ರೆಗಳ ಹೊಳಪು ಸೀಸದ್ದು. ಉಪ್ಪು, ಹುಳಿ ಸೇರಿದರೆ ಸೀಸ ಬಿಟ್ಟುಕೊಂಡು ಮಿಡಿಗೆ ಇಳಿಯುತ್ತದೆ. ಕಪಾಟಿನಲ್ಲಿಡಿ. ಬೂದುಬಣ್ಣದ್ದು ಉರಿಯುವ ಭಟ್ಟಿಗೆ ಉಪ್ಪು ಎಸೆದು ಹೊಳಪು ಬರಿಸಿದ ಗಟ್ಟಿ ಭರಣಿ, ಹೂವಿನ ನೀಲಿ ಕೋಬಾಲ್ಟ್ ಎಂಬ ಲೋಹದ್ದು. ಅಲ್ಲಿನವರೂ ಅದರಲ್ಲಿ ಉಪ್ಪು ಹಾಕಿದ ತರಕಾರಿ, ಮಾಂಸ ಇಡುತ್ತಿದ್ದರು. ಆದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಣಗಣ ಎನ್ನದೆ ಮೊದ್ದು ಸದ್ದು ಬಂದರೆ ಕೂದಲೆಳೆಯ ಬಿರುಕಿದೆ. ಉಪ್ಪುನೀರು ಅದರೊಳಗೆ ಇಳಿದು ಒಣಗಿ ಹರಳುಗಟ್ಟುವಾಗ ಹೊಳಪು ಚಕ್ಕೆ ಏಳುತ್ತದೆ.

ಪ್ರಶ್ನೆ: ಚಾವಡಿಯ ಗೋಡೆ ಗಡಿಯಾರ ಅಜ್ಜನ ಕಾಲದ್ದು, ‘ಸೇತ್ ಥಾಮಸ್’ ಎಂದಿದೆ. ಮೂರು ಗಂಟೆಗೆ ಏಳು ಬಾರಿ ಬಡಿಯುತ್ತದೆ. ವಯಸ್ಸು ತಿಳಿಯಬಹುದೇ?
– ಅಡಕೆ ಕೃಷಿಕರು, ಕುಂಬಳೆ

ಉತ್ತರ: ಅಮೆರಿಕದ ಕನೆಕ್ಟಿಕಟ್‌ನ ಕಂಪೆನಿ ಅದು. ಒಳಗೆ ಅಥವಾ ಹಿಂಬದಿ ಅಂಟಿಸಿದ ಕಾಗದ ಓದಿ. ‘ಪ್ಲಿಮತ್ ಹಾಲೊ’ ಎಂದಿದ್ದರೆ 1865ರ ಸುತ್ತಿನದು ಅಥವಾ ಇನ್ನೂ ಹಿಂದಿನದು. ಆ ಸುಮಾರಿಗೆ ಊರಿನ ಹೆಸರು ಥಾಮಸ್ಟನ್ ಎಂದು ಬದಲಾಯಿತು. ಕೆಲವದರಲ್ಲಿ ಇಸವಿಯನ್ನು ಹಿಂದುಮುಂದಾಗಿ ಒತ್ತಿದ್ದಾರೆ: 8981 ಎಂದರೆ 1898. ಯಂತ್ರದ ತಗಡಿನಲ್ಲೂ ಅದೇ ಹೆಸರು ಇರಬೇಕು. ಹಿಂಬದಿಯ ಹಲಗೆಯಲ್ಲಿ ಖಾಲಿ ಸ್ಕ್ರೂ ತೂತುಗಳಿದ್ದರೆ ಯಂತ್ರ ಬದಲಾಗಿದೆ.

ಬಡಿತ ತಪ್ಪಲು ಕಾರಣ ಯಾರೋ ಮುಳ್ಳನ್ನು ಹಿಂದಕ್ಕೆ ತಿರುಗಿಸಿದ್ದು, ಇಲ್ಲವೇ ಬಡಿದು ಮುಗಿಯುವ ಮುಂಚೆ ಮುಂದಕ್ಕೆ ತಳ್ಳಿದ್ದು. ಬಡಿತ ಎಣಿಸುವ ಚಕ್ರ ತನ್ನಷ್ಟಕ್ಕೆ ಮುಂದೆ ಹೋಗುತ್ತದೆ, ಮುಳ್ಳು ಹಿಂದುಳಿಯುತ್ತದೆ. ಯಂತ್ರದ ಕೆಳಗೆ ಜೋತುಬಿದ್ದ ಸಣ್ಣ ತಂತಿ ಇದ್ದರೆ ಮೆಲ್ಲನೆ ಮೇಲೆತ್ತಿ ಬಿಡಿ, ಮುಂದಿನ ಸರದಿಯ ಬಡಿತ ಬಡಿಯುತ್ತದೆ. ಮುಳ್ಳಿನ ಗಂಟೆಗೆ ಸರಿಯಾಗುವ ತನಕ ಹಾಗೇ ಮಾಡಿ. ತೆಂಗಿನೆಣ್ಣೆ ಬಿಡಬೇಡಿ, ಅಂಟುಗಟ್ಟಿ ಚಕ್ರ ನಿಲ್ಲುತ್ತದೆ. ತಗಡು ಬಿಚ್ಚುವ ಸಾಹಸವೂ ಬೇಡ: ಈ ಗಡಿಯಾರಗಳ ಸ್ಪ್ರಿಂಗು ಹೆಚ್ಚಾಗಿ ಡಬ್ಬಿಯೊಳಗಿಲ್ಲದೆ ಬಯಲಾಗಿರುತ್ತದೆ, ಕೀ ಕೊಟ್ಟಿರುವಾಗ ಬಿಚ್ಚಿದರೆ ಬೆರಳು ಸೀಳುತ್ತದೆ.

ಪ್ರಶ್ನೆ: ತರವಾಡು ಮನೆ ಪಾಲಾಗುತ್ತಿದೆ. ಅಟ್ಟದಲ್ಲಿ ಕಂಚಿನ ಉರುಳಿ, ಗಿಂಡಿ, ಓಲೆಗರಿ, ಭೂತದ ಒಂದು ಹಳೆ ಮೊಗ (ಮುಖವಾಡ), ಜಿಂಕೆ ಕೊಂಬು ಇವೆ. ನಾವೂ ಏಲಂ ಮಾಡಬಹುದೇ? ಕೆಲವನ್ನು ಅಮೆರಿಕದ ತಮ್ಮನಿಗೆ ಕಳಿಸಬಹುದೇ?
– ಓದುಗರು, ಮಂಜೇಶ್ವರ

ಉತ್ತರ: ಎಲ್ಲವನ್ನೂ ಒಂದೇ ರಾಶಿ ಮಾಡಬೇಡಿ. ಕೊಂಬನ್ನು ಬದಿಗಿಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮಾರುವಂತಿಲ್ಲ. ಮಾಲಕತ್ವದ ಪತ್ರ ಇದೆಯೇ ಹುಡುಕಿ. ಮೊಗ ಕುಟುಂಬದ್ದೋ ಭೂತದ ಸ್ಥಾನದ್ದೋ (ಗುಡಿಯದ್ದೋ) ಎಂಬುದನ್ನು ಪಾಲು ಪಟ್ಟಿಗೆ ಮೊದಲೇ ತೀರ್ಮಾನಿಸಿ, ಸ್ಥಾನದ್ದಾದರೆ ಪಾಲಿಗೆ ಬರುವುದೇ ಇಲ್ಲ.

1972ರ ಪ್ರಾಚ್ಯವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಶಿಲ್ಪ, ಕರಕುಶಲ ವಸ್ತುಗಳೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತು. ಲೋಹದ, ಮರದ ಹಳೆ ಶಿಲ್ಪಗಳನ್ನು ನೋಂದಾಯಿಸಬೇಕು. ನೋಂದಾಯಿಸಿದ್ದು ಕೈ ಬದಲಾದರೆ ಅಧಿಕಾರಿಗೆ ತಿಳಿಸಬೇಕು. ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು, ಬಂದ ವ್ಯಾಪಾರಿಯಲ್ಲಿ ಅದನ್ನು ತೋರಿಸಲು ಹೇಳಿ. ಖಾಸಗಿಯವರು ಇವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ತಮ್ಮನಿಗೆ ಅಷ್ಟು ಹಳತಲ್ಲದ್ದನ್ನು ಕಳಿಸುವುದಾದರೂ ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರ ಪುರಾತತ್ವ ಇಲಾಖೆಯಿಂದ ಪಡೆದಿರಲಿ.

ಉರುಳಿ, ಗಿಂಡಿಯ ಮಟ್ಟಿಗೆ: ಕಂಚು, ಹಿತ್ತಾಳೆ ಬೇರೆ ಬೇರೆ ತೂಗಿ. ಎರಡನ್ನೂ ಒಂದೇ ಮೂಟೆಗೆ ಹಾಕಿ ಗುಜರಿ ಬೆಲೆ ಹೇಳುವುದು ಹಳೆ ಉಪಾಯ. ಎತ್ತಿ ಹಿಡಿದು ತಟ್ಟಿದರೆ ಕಂಚು ಗಂಟೆಯಂತೆ ಅನುರಣಿಸುತ್ತದೆ, ಹಿತ್ತಾಳೆಯ ಸದ್ದು ಬೇಗ ಸಾಯುತ್ತದೆ. ಕಂಚು ಬಿದ್ದರೆ ಒಡೆಯುವ ಲೋಹ, ಅಟ್ಟದಿಂದ ಇಳಿಸುವಾಗ ಗೋಣಿ ಹಾಸಿ. ಮಾರುವ ಮುಂಚೆ ಹುಣಸೆಹುಳಿ ಹಾಕಿ ಉಜ್ಜಬೇಡಿ. ಆ ಕಂದು ಮಬ್ಬಿಗೂ ಬೆಲೆ ಕೊಡುವವರಿದ್ದಾರೆ.

ಪ್ರಶ್ನೆ: ವಿಂಡ್ಸರ್ ಕುರ್ಚಿಯ ಕಾಲು ಕಳಚಿ ವಿಮಾನದಲ್ಲಿ ತರಬಹುದೇ?
– ಓದುಗರು, ಉಪ್ಪಳ

ಉತ್ತರ: ಕಳಚುವುದಕ್ಕೆ ಅದು ಕಳಚುವ ಕುರ್ಚಿಯಲ್ಲ. ಕಾಲಿನ ತುದಿಗೆ ಬೆಣೆ ಹೊಡೆದಿರುತ್ತಾರೆ, ಎಳೆದರೆ ಹಲಗೆ ಸೀಳುತ್ತದೆ. ಹಡಗಿನಲ್ಲಿ ತರಿಸಿ. ಮರದ ಕ್ರೇಟಿನಲ್ಲಿ ಬರುವುದಾದರೆ ಆ ಕ್ರೇಟಿನ ಮರವನ್ನು ಒಳತಿರುಳು 56 ಡಿಗ್ರಿಗೆ ಏರುವಂತೆ 30 ನಿಮಿಷ ಕಾಯಿಸಿದ ಮುದ್ರೆಯೋ, ಹೊಗೆ ಹಾಕಿಸಿದ ಮುದ್ರೆಯೋ ಬೇಕು. ಇಲ್ಲದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ.