ಜಪಾನಿನ ಆರ್‌ಪಿಜಿ, ಅಮೆರಿಕದ ಆರ್‌ಪಿಜಿ: ಒಂದೇ ಹೆಸರಿನ ಆಟಗಳು ಇಷ್ಟು ಭಿನ್ನವೇಕೆ?

ಪ್ರಶ್ನೆ: ನಾನು ಮೊದಲು ಆಡಿದ ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಒಂದು ಪಾತ್ರವಾಗಿ ಆಡುವ ವಿಡಿಯೊ ಆಟ) ಅಮೆರಿಕದ ‘ಸ್ಕೈರಿಮ್’. ಮುಖ್ಯ ಕಥೆಯನ್ನು ಬದಿಗಿಟ್ಟು ಅದರ ಬೆಟ್ಟ ಕಾಡುಗಳಲ್ಲಿ ಮನಸೋ ಇಚ್ಛೆ ಅಲೆದಿದ್ದೆ. ಈಚೆಗೆ ಜಪಾನಿನ ‘ಫೈನಲ್ ಫ್ಯಾಂಟಸಿ 7’ ಆಡಿದಾಗ ನಾಯಕನ ಸಂಗಾತಿ ಏರಿತ್ ಸಾಯುವ ಘಟ್ಟ ಬಂತು. ಹಳೆಯ ಸೇವ್‌ಗೆ ಮರಳಿ ಏನೆಲ್ಲ ಮಾಡಿದರೂ ಆಕೆಯನ್ನು ಉಳಿಸಲಾಗಲಿಲ್ಲ. ಎರಡಕ್ಕೂ ಆರ್‌ಪಿಜಿ ಎಂಬ ಹೆಸರೇಕೆ? ಈ ಅಂತರ ಜಪಾನೀಯರ ಮತ್ತು ಅಮೆರಿಕನ್ನರ ಸಂಸ್ಕೃತಿಯಿಂದ ಬಂದದ್ದೇ? ಸಾಧಾರಣ ಲ್ಯಾಪ್‌ಟಾಪಿನಲ್ಲಿ ಎರಡೂ ಬಗೆಯನ್ನು ಅರಿಯಲು ಏನು ಆಡಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ಏರಿತ್‌ಳನ್ನು ಉಳಿಸುವ ದಾರಿ ಆ ಆಟದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ನಿಮ್ಮ ಹುಡುಕಾಟ ಸಾಲದೆ ಹೋಯಿತೆಂದು ಕೊರಗಬೇಕಿಲ್ಲ. ಆಕೆಯನ್ನು ಶ್ರಮವಹಿಸಿ ಬೆಳೆಸಿ, ಆಕೆಯ ಕಟ್ಟಕಡೆಯ ವಿಶೇಷ ಶಕ್ತಿಯನ್ನೂ ಸಂಪಾದಿಸಿಕೊಳ್ಳಲು ಆಟ ನಿಮಗೆ ಅವಕಾಶ ಕೊಡುತ್ತದೆ. ಆಮೇಲೆ ಆ ಶ್ರಮವನ್ನೆಲ್ಲ ಒಂದೇ ಏಟಿಗೆ ಕಿತ್ತುಕೊಳ್ಳುತ್ತದೆ. ಸಾವಿನ ಬೆನ್ನಿಗೇ ಬರುವ ಕಾಳಗದಲ್ಲಿ ಎಂದಿನ ಯುದ್ಧದ ಸಂಗೀತ ಕೇಳಿಸುವುದಿಲ್ಲ, ಆಕೆಯದೇ ರಾಗ ಹಾಗೆಯೇ ಮುಂದುವರಿಯುತ್ತದೆ. ನಿಮ್ಮ ಕೈ ಆದೇಶ ಕೊಡುತ್ತಿರುತ್ತದೆ, ಮನಸ್ಸು ಮಾತ್ರ ಹಿಂದೆಯೇ ಉಳಿದಿರುತ್ತದೆ. ಬದುಕಿಸಿಕೊಳ್ಳಲು ಒಂದು ದಾರಿ ಇಟ್ಟಿದ್ದರೆ ಈ ಪರಿಣಾಮ ಹುಟ್ಟುತ್ತಲೇ ಇರಲಿಲ್ಲ.

ಫೈನಲ್ ಫ್ಯಾಂಟಸಿ 7 ಬಂದ 1997ರಲ್ಲೇ ಅಮೆರಿಕದ ಇಂಟರ್‌ಪ್ಲೇ ಕಂಪನಿ ‘ಫಾಲ್‌ಔಟ್’ ಎಂಬ ಆಟವನ್ನು ಹೊರತಂದಿತು. ಅಲ್ಲಿ ‘ಮಾಸ್ಟರ್’ ಎಂಬ ಖಳ, ಮನುಷ್ಯರನ್ನೆಲ್ಲ ರೂಪಾಂತರಿಸಿ ಹೊಸದೊಂದು ಜನಾಂಗವನ್ನು ಕಟ್ಟಲು ಹೊರಟಿರುತ್ತಾನೆ. ಅವನೊಡನೆ ಹೋರಾಡಿಯೇ ಗೆಲ್ಲಬೇಕೆಂಬ ನಿಯಮವಿಲ್ಲ. ಆ ಹೊಸ ಜನಾಂಗಕ್ಕೆ ಸಂತಾನಶಕ್ತಿಯೇ ಇಲ್ಲವೆಂಬ ಪುರಾವೆ ನಿಮ್ಮ ಕೈ ಸೇರಿದ್ದು, ಮಾತಿನ ಕೌಶಲವೂ ಸಾಕಷ್ಟಿದ್ದರೆ, ಅವನ ಇಡೀ ಯೋಜನೆ ವ್ಯರ್ಥವೆಂದು ಅವನಿಗೇ ಮನಗಾಣಿಸಬಹುದು. ಹತಾಶನಾದ ಅವನು ತನ್ನ ನೆಲೆಯನ್ನು ತಾನೇ ಸ್ಫೋಟಿಸಿಕೊಳ್ಳುತ್ತಾನೆ. (ಹಳೆಯ ಆಟವೆಂದು ಗುಟ್ಟನ್ನು ಬಿಟ್ಟುಕೊಡುತ್ತಿದ್ದೇನೆ.) ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆರಂಭದಲ್ಲಿ ನಿಮ್ಮ ಪಾತ್ರದ ಬುದ್ಧಿಯ ಅಂಕವನ್ನು ತೀರಾ ಕಡಿಮೆ ಇಟ್ಟುಕೊಂಡರೆ, ಆಟದುದ್ದಕ್ಕೂ ಆ ಪಾತ್ರದ ಬಾಯಿಂದ ಗೊಣಗಾಟದ ಹೊರತು ನೆಟ್ಟಗಿನ ಮಾತೇ ಹೊರಡುವುದಿಲ್ಲ.

ನನ್ನ ದೃಷ್ಟಿಯಲ್ಲಿ ಎರಡು ಪರಂಪರೆಗಳ ಮುಖ್ಯ ವ್ಯತ್ಯಾಸ ಇಲ್ಲಿದೆ. ಅಮೆರಿಕದ ಆಟ ‘ನೀನು ಯಾರು’ ಎಂದು ಕೇಳಿ, ನಿಮ್ಮ ಉತ್ತರಕ್ಕೆ ಲೋಕವನ್ನು ಹೊಂದಿಸಲು ಯತ್ನಿಸುತ್ತದೆ. ಜಪಾನಿನ ಆಟ ಈಗಾಗಲೇ ರೂಪುಗೊಂಡ ಒಬ್ಬ ವ್ಯಕ್ತಿಯನ್ನು ನಿಮಗೆ ಒಪ್ಪಿಸಿ, ಅವನ ಜೊತೆ ನಡೆಯಲು ಹೇಳುತ್ತದೆ. ಸರದಿಯ ಕಾಳಗ, ದೊಡ್ಡ ಕಣ್ಣಿನ ಮುಖಗಳು, ಹಠಾತ್ತನೆ ಎದುರಾಗುವ ಶತ್ರುಗಳು ಮುಂತಾಗಿ ಎಲ್ಲರೂ ಎತ್ತಿ ಹೇಳುವ ಅಂಶಗಳು ಇದರ ಮುಂದೆ ಗೌಣ. ಸರದಿಯ ಕಾಳಗವಂತೂ ಅಮೆರಿಕದಿಂದಲೇ ಬಂದದ್ದು.

ಹಾಗೆ ನೋಡಿದರೆ ಎರಡಕ್ಕೂ ಮೂಲ ಒಂದೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಮೇಜಿನ ಆಟದಿಂದ ಪ್ರೇರಣೆ ಪಡೆದು 1981ರಲ್ಲಿ ಎರಡು ಅಮೆರಿಕನ್ ಕಂಪ್ಯೂಟರ್ ಆಟಗಳು ಬಂದವು: ರಿಚರ್ಡ್ ಗ್ಯಾರಿಯಟ್‌ನ ‘ಅಲ್ಟಿಮಾ’, ಮತ್ತು ಆಂಡ್ರ್ಯೂ ಗ್ರೀನ್‌ಬರ್ಗ್ ಹಾಗೂ ರಾಬರ್ಟ್ ವುಡ್‌ಹೆಡ್‌ರ ‘ವಿಝರ್ಡ್ರಿ’. ಜಪಾನಿನ ಯೂಜಿ ಹೋರಿಯಿ ಇವೆರಡನ್ನೂ ಮೆಚ್ಚಿ ಆಡಿದವರು. 1986ರ ಮೇ ತಿಂಗಳಲ್ಲಿ ಅವರು ‘ಡ್ರ್ಯಾಗನ್ ಕ್ವೆಸ್ಟ್’ ತಂದಾಗ, ಮೇಲಿನಿಂದ ಕಾಣುವ ನಕ್ಷೆಯನ್ನು ಅಲ್ಟಿಮಾದಿಂದಲೂ ಶತ್ರುವನ್ನು ಮುಖಾಮುಖಿ ಕಾಣುವ ಕಾಳಗವನ್ನು ವಿಝರ್ಡ್ರಿಯಿಂದಲೂ ಎತ್ತಿಕೊಂಡರು.

ಬದಲಾದದ್ದು ಯಂತ್ರ. ಅಲ್ಟಿಮಾ ಸರಣಿಯಲ್ಲಿ ಕೀಬೋರ್ಡಿನ ಅಕ್ಷರಗಳಿಗೆ ಒಂದೊಂದು ಆಜ್ಞೆ ಅಂಟಿಕೊಂಡಿತ್ತು. ಹೋರಿಯಿಯವರ ಮುಂದಿದ್ದದ್ದು ಟಿವಿಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಕನ್ಸೋಲ್, ಅದರಲ್ಲಿ ದಿಕ್ಕಿನ ಗುಂಡಿಯನ್ನು ಬಿಟ್ಟರೆ ನಾಲ್ಕೇ ಗುಂಡಿಗಳು. ಆದ್ದರಿಂದ ಆಜ್ಞೆಗಳು ತೆರೆಯ ಮೇಲಿನ ಮೆನುವಿಗೆ ಬಂದವು. ಇಡೀ ಆಟ 64 ಕಿಲೋಬೈಟ್‌ನ ಕಾರ್ಟ್ರಿಜ್ಜಿನಲ್ಲಿ ಅಡಗಬೇಕಿತ್ತು, ಅದರಲ್ಲಿ ಸೇವ್ ಮಾಡುವ ವ್ಯವಸ್ಥೆಯೂ ಇರಲಿಲ್ಲ. ಆಟಗಾರರು 20 ಅಕ್ಷರಗಳ ಸಂಕೇತವನ್ನು ಬರೆದಿಟ್ಟುಕೊಳ್ಳಬೇಕಿತ್ತು. ಇಂಥ ಇಕ್ಕಟ್ಟಿನಲ್ಲಿ ಹತ್ತು ದಿಕ್ಕಿಗೆ ಕವಲೊಡೆಯುವ ಕಥೆಗೆ ಜಾಗ ಎಲ್ಲಿಂದ ಬರಬೇಕು?

ಎದುರಿಗಿದ್ದ ಆಟಗಾರರೂ ಬೇರೆ: ಮಕ್ಕಳು, ಅದರಲ್ಲೂ ಆರ್‌ಪಿಜಿಯನ್ನೇ ಕಾಣದ ಮಕ್ಕಳು. ವಿಝರ್ಡ್ರಿಯಲ್ಲಿ ಸತ್ತವರ ದೇಹ ನೆಲಮಾಳಿಗೆಯಲ್ಲೇ ಉಳಿಯುತ್ತಿತ್ತು, ಅದನ್ನು ತರಲು ಇನ್ನೊಂದು ತಂಡ ಹೋಗಬೇಕಿತ್ತು. ತಂದರೂ ದೇವಾಲಯದ ವಿಧಿ ಕೈಕೊಟ್ಟರೆ ದೇಹ ಬೂದಿಯಾಗುತ್ತಿತ್ತು, ಮತ್ತೊಮ್ಮೆ ಕೈಕೊಟ್ಟರೆ ಆ ಪಾತ್ರ ಶಾಶ್ವತವಾಗಿ ಅಳಿಯುತ್ತಿತ್ತು. ಹೋರಿಯಿಯವರ ಆಟದಲ್ಲಿ ಸತ್ತ ವೀರ ರಾಜನ ಮುಂದೆ ಎದ್ದು ನಿಂತು ಒಂದಿಷ್ಟು ಗದರಿಕೆ ಕೇಳುತ್ತಾನೆ, ಅವನ ಅರ್ಧ ಹಣ ಹೋಗಿರುತ್ತದೆ, ಗಳಿಸಿದ ಅನುಭವ ಮಾತ್ರ ಉಳಿದಿರುತ್ತದೆ. ಆಟ ಆರಂಭವಾಗುವುದೂ ಬಾಗಿಲು ಹಾಕಿದ ಸಿಂಹಾಸನದ ಕೋಣೆಯಲ್ಲೇ: ಪೆಟ್ಟಿಗೆ ತೆರೆದು ಕೀಲಿ ತೆಗೆದುಕೊಂಡು, ಬಾಗಿಲು ತೆರೆದು, ಮೆಟ್ಟಿಲಿಳಿಯುವಷ್ಟರಲ್ಲಿ ಬೇಕಾದ ಆಜ್ಞೆಗಳೆಲ್ಲ ಕೈಗೆ ಬಂದಿರುತ್ತವೆ. ಕೈಪಿಡಿ ಓದದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ.

ಸಂಸ್ಕೃತಿಯ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ, ಆದರೆ ಅದು ಜನಾಂಗದ ಸ್ವಭಾವದ ರೂಪದಲ್ಲಿ ಬರಲಿಲ್ಲ. ಒಂದು ನಿರ್ದಿಷ್ಟ ಉದ್ಯಮದ ಮೂಲಕ ಬಂತು. ಹೋರಿಯಿ ಮಾಂಗಾ (ಜಪಾನಿನ ಚಿತ್ರಕಥೆ) ವಾರಪತ್ರಿಕೆ ‘ಶೋನೆನ್ ಜಂಪ್’ನಲ್ಲಿ ಬರೆಯುತ್ತಿದ್ದರು, ಆಟದ ಚಿತ್ರಗಳನ್ನು ಬರೆದ ಅಕಿರಾ ತೊರಿಯಾಮಾ ಅದೇ ಪತ್ರಿಕೆಯ ತಾರೆ. ಧಾರಾವಾಹಿ ಕಥೆಗೆ ಒಗ್ಗಿದ್ದ ಆ ಓದುಗರಿಗೆ ನಾಯಕ ಯಾರೆಂಬುದು ಮೊದಲೇ ಗೊತ್ತಿರಬೇಕಿತ್ತು. ಆಟದ ಕೊನೆಯಲ್ಲಿ ರಾಜಕುಮಾರಿ ‘ನಿಮ್ಮೊಡನೆ ಬರಲೇ?’ ಎಂದು ಕೇಳುತ್ತಾಳೆ. ನೀವು ‘ಬೇಡ’ ಎಂದರೆ ಅವಳು ನೊಂದುಕೊಂಡು ಅದನ್ನೇ ಮತ್ತೆ ಕೇಳುತ್ತಾಳೆ, ‘ಹೂಂ’ ಅನ್ನುವವರೆಗೂ ಬಿಡುವುದಿಲ್ಲ. ಇದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಅಲ್ಟಿಮಾದ ನಾಲ್ಕನೆಯ ಕಂತು ಕೊಲ್ಲಲು ಒಬ್ಬ ಮಹಾಖಳನನ್ನೇ ಇಡದೆ, ಎಂಟು ಸದ್ಗುಣಗಳಲ್ಲಿ ಆಟಗಾರನ ನಡತೆಯನ್ನು ಅಳೆಯತೊಡಗಿತ್ತು. ಕವಲು ಒಡೆದದ್ದು ಆ ಹೊತ್ತಿನಲ್ಲಿ.

ಆಮೇಲೆ ಈ ಗೆರೆಯನ್ನು ದಾಟಿದವರು ಎರಡೂ ಕಡೆ ಇದ್ದಾರೆ. ವಿಝರ್ಡ್ರಿಯ ಮೂಲ ಕಂಪನಿ ಮುಚ್ಚಿದ ಮೇಲೂ ಆ ಹೆಸರಿನ ಹೊಸ ಆಟಗಳನ್ನು ಮಾಡುತ್ತ ಬಂದವರು ಜಪಾನೀಯರೇ. ಬಳಸಿದ ಕೌಶಲವಷ್ಟೇ ಬೆಳೆಯುವ ಪದ್ಧತಿಯನ್ನು ನೀವು ಸ್ಕೈರಿಮ್‌ನಲ್ಲಿ ಕಂಡಿರಿ. 1988ರ ‘ಫೈನಲ್ ಫ್ಯಾಂಟಸಿ 2’ರಲ್ಲೇ ಅದು ಇತ್ತು. ಅಮೆರಿಕದ ‘ಅಂಡರ್‌ಟೇಲ್’ ಜಪಾನಿನ ಅಚ್ಚಿನಲ್ಲಿ ಮೂಡಿದ ಆಟ, ಜಪಾನಿನ ‘ಡಾರ್ಕ್ ಸೋಲ್ಸ್’ ಕಥೆಯನ್ನು ಮೂಲೆಗೆ ಸರಿಸಿದ ಆಟ. ಇನ್ನು ‘ಅಮೆರಿಕದ್ದು’ ಎಂದು ನಾವು ಸಲೀಸಾಗಿ ಕರೆಯುವ ‘ಬಾಲ್ಡರ್ಸ್ ಗೇಟ್’ ತಯಾರಾದದ್ದು ಕೆನಡಾದಲ್ಲಿ, ಅದರ ಮೂರನೆಯ ಭಾಗ ಬೆಲ್ಜಿಯಂ ಕಂಪನಿಯದು. ‘ಜೆಆರ್‌ಪಿಜಿ’ (ಜಪಾನೀಸ್ ಆರ್‌ಪಿಜಿ) ಎಂಬ ಹಣೆಪಟ್ಟಿ ಮೊದಮೊದಲು ತಾರತಮ್ಯದ ಮಾತಿನಂತೆ ಕೇಳಿಸಿತೆಂದು ಫೈನಲ್ ಫ್ಯಾಂಟಸಿಯ ನಿರ್ಮಾಪಕ ನಾವೊಕಿ ಯೋಶಿದಾ 2023ರಲ್ಲಿ ಹೇಳಿದ್ದರು. ಆ ಆಕ್ಷೇಪದಲ್ಲಿ ಹುರುಳಿದೆ.

ನಿಮ್ಮ ಲ್ಯಾಪ್‌ಟಾಪಿಗೆ ‘ಕ್ರೊನೊ ಟ್ರಿಗರ್’ (1995) ಮತ್ತು ಮೇಲೆ ಹೇಳಿದ ‘ಫಾಲ್‌ಔಟ್’ ಸಾಕು; ಎರಡೂ ಸ್ಟೀಮ್ ಎಂಬ ಆನ್‌ಲೈನ್ ಆಟಗಳ ಅಂಗಡಿಯಲ್ಲಿ ದೊರೆಯುತ್ತವೆ, ಗ್ರಾಫಿಕ್ಸ್ ಕಾರ್ಡ್ ಬೇಡುವುದಿಲ್ಲ. ಕ್ರೊನೊ ಟ್ರಿಗರ್‌ನ ಆರಂಭದ ಜಾತ್ರೆಯಲ್ಲಿ ಗಡಿಬಿಡಿ ಬೇಡ: ಅಲ್ಲಿ ನೀವು ಮಾಡುವ ಸಣ್ಣಪುಟ್ಟ ಕೆಲಸಗಳು ಮುಂದೆ ನ್ಯಾಯಾಲಯದಲ್ಲಿ ನಿಮ್ಮ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿಯಾಗುತ್ತವೆ. ಫಾಲ್‌ಔಟ್‌ನ ಮೊದಲ ಸುತ್ತಿನಲ್ಲಿ ಬುದ್ಧಿ ಮತ್ತು ಮಾತಿಗೆ ಹೆಚ್ಚು ಅಂಕ ಕೊಡಿ, ಗೊಣಗುವ ದಡ್ಡನನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಿ. ಜೊತೆಗೆ, ನೆಲದಡಿಯ ನಿಮ್ಮ ಜನರಿಗೆ ನೀರು ಶುದ್ಧಗೊಳಿಸುವ ಯಂತ್ರದ ಎಲೆಕ್ಟ್ರಾನಿಕ್ ಚಿಪ್ ಅನ್ನು 150 ದಿನಗಳೊಳಗೆ ತರಬೇಕೆಂಬ ಗಡುವು ಆಟದಲ್ಲಿದೆ, ಸ್ಕೈರಿಮ್‌ನಂತೆ ಅಲೆಯುತ್ತ ಕುಳಿತರೆ ಅದು ಮೀರಿಹೋಗುತ್ತದೆ.