ಅತ್ತೆಯ ಜುಮ್ಮನಕಾಯಿಗೆ ಕಾರಣ ಬೇಕೇ?

ಮುಂಬಯಿ ಬಳಿಯ ಡೊಂಬಿವಲಿಯ ಓದುಗರೊಬ್ಬರು ನಮ್ಮ ಅಡುಗೆ ಪುಟದ ಮೇಲೆ ಸಿಟ್ಟಾಗಿದ್ದಾರೆ. ‘ಅಜ್ಜಿ ಹೇಳಿದ್ದು, ಅತ್ತೆ ಹೇಳಿದ್ದು ಅಂತ ಏನೇನೋ ಅಚ್ಚು ಹಾಕುತ್ತೀರಿ. ಗ್ರಾಂ ಲೆಕ್ಕವಿಲ್ಲ, ಕಾರಣವಿಲ್ಲ. ನಮ್ಮ ಅತ್ತೆ ಬಂಗುಡೆ ಮೀನಿನ ಗಸಿಗೆ (ತೆಂಗಿನಕಾಯಿ ಅರೆದ ದಪ್ಪ ಸಾರಿಗೆ) ಜುಮ್ಮನಕಾಯಿ ಅನ್ನೋ ಮಸಾಲೆ ಕಾಯಿ ಬೇಕೇ ಬೇಕು ಅನ್ನುತ್ತಾರೆ. ಯಾಕೆ ಅಂದರೆ, ನಮ್ಮಲ್ಲಿ ಹಾಗೇ ಅನ್ನುತ್ತಾರೆ. ಇದೆಲ್ಲ ಬರೀ ನಂಬಿಕೆ ಅಲ್ವಾ?’ ಎಂದು ಕೇಳಿದ್ದಾರೆ.

ಅಳತೆ ಬೇಕು ಅನ್ನುವುದು ಸರಿ. ಹೊಸದಾಗಿ ಒಲೆ ಮುಂದೆ ನಿಂತವರಿಗೆ ‘ಸ್ವಲ್ಪ’ ಅಂದರೆ ಏನೂ ತಿಳಿಯದು.

ಆದರೆ ಅಮ್ಮಾ, ಅತ್ತೆ ಕಾರಣ ಹೇಳಲಿಲ್ಲ ಅಂದಮಾತ್ರಕ್ಕೆ ಕಾರಣವೇ ಇಲ್ಲ ಅಂತಲ್ಲ. ಬಂಗುಡೆ ಎಣ್ಣೆಯಂಶ ಜಾಸ್ತಿ ಇರುವ ಮೀನು, ವಾಸನೆಯೂ ಜೋರು. ಜುಮ್ಮನಕಾಯಿಯ ನಿಂಬೆಯಂಥ ಘಮ ಆ ವಾಸನೆಯನ್ನು ತಗ್ಗಿಸುತ್ತದೆ, ನಾಲಿಗೆಗೆ ಜುಮ್ಮೆನ್ನುವ ರುಚಿಯನ್ನೂ ಕೊಡುತ್ತದೆ. ಒಳಗಿನ ಕರಿ ಬೀಜ ತೆಗೆದು, ಸಿಪ್ಪೆ ಮಾತ್ರ ಜಜ್ಜಿ ಹಾಕಬೇಕು. ಮಾಲವಣದವರ ತಿರಫಳ, ಗೋವಾದವರ ತೆಫ್ಲಾಂ ಇದೇ ಕಾಯಿ. ಕರಾವಳಿಯುದ್ದಕ್ಕೂ ಇಷ್ಟೊಂದು ಮನೆಗಳು ಸುಮ್ನೆ ಒಂದು ಕಾಯಿಯನ್ನು ಕಾಪಾಡಿಕೊಂಡು ಬರುತ್ತವೆಯೇ?

ದೋಸೆಯನ್ನೇ ನೋಡಿ. ಅಕ್ಕಿ, ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕುತ್ತೇವೆ. ನೆನೆದ ಮೆಂತ್ಯದ ಲೋಳೆ ಹುದುಗುವಾಗ ಹುಟ್ಟುವ ಗಾಳಿಯನ್ನು ಹಿಟ್ಟಿನೊಳಗೇ ಹಿಡಿದಿಡುತ್ತದೆ. ದೋಸೆಗೆ ಬಣ್ಣವೂ ಬರುತ್ತದೆ. ಜಾಸ್ತಿಯಾದರೆ ಕಹಿ. ಬೇಳೆ ಬೆಂದ ಮೇಲೆಯೇ ಹುಣಸೆ ಹುಳಿ ಹಿಂಡು ಎಂದು ನನ್ನ ಅಜ್ಜಿ ಗದರುತ್ತಿದ್ದರು. ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಆಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಷ್ಟೋ ಸಲ ಬೇಯದ ಬೇಳೆ ಕಂಡು ಕಲಿತವರು.

ಇನ್ನು ಗ್ರಾಂ ವಿಷಯ. ಮುಂಬಯಿಯ ಮೇ ತಿಂಗಳಲ್ಲಿ ಹಿಟ್ಟು ಸಂಜೆಯೊಳಗೇ ಉಬ್ಬಿ ಪಾತ್ರೆಯಿಂದ ಚೆಲ್ಲುತ್ತದೆ. ಪುಣೆಯ ಜನವರಿ ಚಳಿಯಲ್ಲಿ ಮರುದಿನ ಬೆಳಿಗ್ಗೆಯಾದರೂ ಏಳುವುದಿಲ್ಲ. ಯಾವ ಗ್ರಾಂ ಲೆಕ್ಕ ಎರಡೂ ಊರಿಗೆ ಹೊಂದುತ್ತದೆ, ಹೇಳಿ? ಮಾಟುಂಗಾದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ನಮ್ಮ ಚಿಕ್ಕಪ್ಪ ಹಿಟ್ಟಿನ ವಾಸನೆ ನೋಡಿಯೇ ಹುದುಗು ಹೇಳುತ್ತಿದ್ದರು. ಅರ್ಧ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜುವುದನ್ನು ನನಗೆ ಕಲಿಸಿದವರೂ ಅವರೇ.

ನನಗೆ ನಿಜವಾಗಿ ನೋವಾಗುವುದು ಬೇರೆ ಕಡೆ. ನಮ್ಮ ಕನ್ನಡ ಸಂಘಗಳ ಸ್ಮರಣ ಸಂಚಿಕೆ ತೆಗೆದು ನೋಡಿ. ಪುಟ ಪುಟಕ್ಕೂ ಪದಾಧಿಕಾರಿಗಳ ಫೋಟೋ, ಶುಭಾಶಯದ ಜಾಹೀರಾತು. ಊರಿನಿಂದ ಬಂದು, ಮುಂಬಯಿಯ ಚಾಳಿನ ಒಂದೇ ಕೋಣೆಯಲ್ಲಿ ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ, ಹೀರೆಕಾಯಿ ಸಿಪ್ಪೆಯ ಚಟ್ನಿ ಮಾಡಿ ಮಕ್ಕಳನ್ನು ಸಾಕಿದ ಹೆಂಗಸರಿಗೆ ಒಂದು ಪುಟವೂ ಇಲ್ಲ. ಆಹಾರ ಮೇಳ ಮಾಡಿದರೂ ಪಾವ್ ಭಾಜಿಯದ್ದೇ ದೊಡ್ಡ ಸಾಲು. ಅವರ ಮಕ್ಕಳು ಈಗ ಹಿಟ್ಟಿನ ಪ್ಯಾಕೆಟ್ ತರುತ್ತಾರೆ.

ನಿಮ್ಮ ಅತ್ತೆ ಇನ್ನೂ ಅಡುಗೆಮನೆಯಲ್ಲಿದ್ದಾರೆ. ಭಾನುವಾರ ಅವರ ಪಕ್ಕ ನಿಲ್ಲಿ. ಅವರು ಕೈಗೆ ತೆಗೆದುಕೊಂಡದ್ದನ್ನು ಪಾತ್ರೆಗೆ ಬೀಳುವ ಮೊದಲು ತೂಗಿ ನೋಡಿ. ಅವರ ಹೆಸರಿನಲ್ಲೇ, ನಿಮ್ಮ ಗ್ರಾಂ ಲೆಕ್ಕದ ಜೊತೆಗೇ ಆ ಗಸಿಯನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯ ಅಡುಗೆ ಪುಟ ಅದಕ್ಕೇ ಮೀಸಲು.

— ಸಂ.